ತಪ್ಪು ಯಾರದು?

ಗದಗಿನಿಂದ ಬಂದು ನಾವು ಡೊಂಬಿವಲಿಯಲ್ಲಿ ಮನೆ ಹೂಡಿ ಇಪ್ಪತ್ತು ವರ್ಷಗಳಾದವು. ಮನೆಗೆ ಬಂದವರು ಚಹದ ಕಪ್ಪು ಕೆಳಗಿಡುವುದರೊಳಗೆ ಕೇಳುವ ಪ್ರಶ್ನೆ ಒಂದೇ: "ಹುಡುಗನಿಗೆ ಹೀಗೇಕಾಯಿತು?" ವಾಕರ್ ಹಿಡಿದು ಬಾಗಿಲವರೆಗೆ ಬಂದು "ಬರ್ರಿ, ಕೂಡ್ರಿ" ಎಂದ ಹುಡುಗನ ಎದುರಿಗೇ ಕೇಳುತ್ತಾರೆ. ಅವನಿಗೀಗ ಹದಿನೈದು ದಾಟಿದೆ. ಉತ್ತರ ಅವನಿಗೂ ಬಾಯಿಪಾಠವಾಗಿದೆ. ಆದರೆ ಆ ಉತ್ತರ ನಮಗೆ ಸಿಕ್ಕಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ನಾವು ಒಬ್ಬರನ್ನೊಬ್ಬರು ದೂರಿಕೊಂಡ ಬಗೆಯನ್ನು ನೆನೆದರೆ ನಾಚಿಕೆಯಾಗುತ್ತದೆ.

ಮಗು ಹುಟ್ಟಿದ್ದು 2010ರ ಏಪ್ರಿಲ್ ತಿಂಗಳಲ್ಲಿ, ದಿನ ತುಂಬಲು ಒಂಬತ್ತು ವಾರ ಉಳಿದಿರುವಾಗ. ತೂಕ 1,400 ಗ್ರಾಂ. ತಿಂಗಳೊಪ್ಪತ್ತು ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದಿತು. ಹತ್ತು ತಿಂಗಳಾದರೂ ಕೂಡಲಿಲ್ಲ. ಎತ್ತಿಕೊಂಡರೆ ಕಾಲೆರಡೂ ಕತ್ತರಿಯಂತೆ ಒಂದರ ಮೇಲೊಂದು ಬಿಗಿಯುತ್ತಿದ್ದವು. ವೈದ್ಯರು ಸೆರೆಬ್ರಲ್ ಪಾಲ್ಸಿ ಎಂದರು.

ಅಂದಿನಿಂದ ಮನೆಯಲ್ಲಿ ಪಂಚಾಯಿತಿ ಶುರುವಾಯಿತು. ಆ ವರ್ಷ ಜನವರಿ 15ಕ್ಕೆ ಸೂರ್ಯಗ್ರಹಣ ಹಿಡಿದಿತ್ತು. ನಮ್ಮಿಬ್ಬರಲ್ಲಿ ಸೊಸೆಯಾದವಳು ಎಂದಿನಂತೆ ಲೋಕಲ್ ಹಿಡಿದು ಆಫೀಸಿಗೆ ಹೋಗಿದ್ದಳು. "ಗ್ರಾಣದಾಗ ಹೊರಗ ಕಾಲಿಡಬ್ಯಾಡ ಅಂದಿದ್ದೆ, ಕೇಳಿದಿಯೇನು?" ಎಂದಳು ಅವ್ವ. ಬಿಜಾಪುರದ ಬೀಗಿತ್ತಿಯವರು, ಬಸುರಿಯನ್ನು ಬೇಗನೆ ತವರಿಗೆ ಕಳಿಸದವರ ಮೇಲೆ ತಪ್ಪು ಹೊರಿಸಿದರು. ನಮ್ಮಿಬ್ಬರಲ್ಲಿ ಗಂಡನಾದವನು ಹೆರಿಗೆ ಮಾಡಿಸಿದ ಡಾಕ್ಟರರ ಮೇಲೆ ದಾವೆ ಹೂಡುವ ಮಾತಾಡುತ್ತಿದ್ದ. ತಾಯಿಯೊಬ್ಬಳು ಮಾತ್ರ ಯಾರನ್ನೂ ದೂರಲಿಲ್ಲ. ರೈಲಿನ ನೂಕುನುಗ್ಗಲೇ ಕಾರಣವೆಂದು ತನ್ನೊಳಗೇ ನಂಬಿ ನವೆದಳು.

ಕೊನೆಗೆ ವಯಸ್ಸಾದ ನರರೋಗತಜ್ಞರೊಬ್ಬರು ನಮ್ಮೆಲ್ಲರನ್ನೂ, ಅವ್ವನನ್ನೂ ಕೂಡ, ಎದುರಿಗೆ ಕೂಡಿಸಿಕೊಂಡು ಮಗುವಿನ ಎಂ.ಆರ್.ಐ. ಚಿತ್ರವನ್ನು ಬೆಳಕಿಗೆ ಹಿಡಿದರು. ಇಪ್ಪತ್ನಾಲ್ಕರಿಂದ ಮೂವತ್ತೆರಡು ವಾರಗಳ ನಡುವೆ ಕೂಸಿನ ಮಿದುಳಿನ ನಡುಭಾಗದ ರಕ್ತನಾಳಗಳು ಬಹಳ ನಾಜೂಕು. ರಕ್ತದ ಹರಿವು ಕುಂದಿದರೆ, ಇಲ್ಲವೆ ಸೋಂಕು ತಗುಲಿದರೆ, ಅಲ್ಲಿಯ ನರತಂತುಗಳು ಬಾಡುತ್ತವೆ. ಕಾಲಿಗೆ ಇಳಿಯುವ ತಂತುಗಳು ಆ ಜಾಗಕ್ಕೆ ಎಲ್ಲಕ್ಕಿಂತ ಹತ್ತಿರ. ಅದಕ್ಕೇ ಕೈಗಿಂತ ಕಾಲಿಗೆ ಹೆಚ್ಚು ಪೆಟ್ಟು. "ಹೆರಿಗೆಗೆ ಮುಂಚೆ ಜ್ವರವಿತ್ತೇ?" ಎಂದು ಕೇಳಿದರು. ಇತ್ತು. ಆಸ್ಪತ್ರೆಯಲ್ಲಿ ಮಲಗಿರುವಾಗಲೇ ಗರ್ಭದ ನೀರು ಒಡೆದು ಎರಡು ದಿನವಾಗಿತ್ತು. ಗರ್ಭಚೀಲದ ಸೋಂಕು ಹೆರಿಗೆಯನ್ನೂ ಬೇಗ ತರುತ್ತದೆ, ಮಿದುಳಿಗೂ ಕೇಡು ಮಾಡುತ್ತದೆ. ಅದಕ್ಕೂ ಗ್ರಹಣಕ್ಕೂ ರೈಲಿಗೂ ಸಂಬಂಧವಿಲ್ಲ.

ಡಾಕ್ಟರರ ಮೇಲೆ ಹರಿಹಾಯುವ ನಮ್ಮ ಚಾಳಿಗೂ ಒಂದು ಚರಿತ್ರೆಯಿದೆಯಂತೆ. 1861ರಲ್ಲಿ ಲಂಡನ್ನಿನ ವಿಲಿಯಂ ಲಿಟ್ಲ್ ಎಂಬ ವೈದ್ಯ, ಕಷ್ಟದ ಹೆರಿಗೆ, ಅಕಾಲ ಜನನ, ಉಸಿರುಕಟ್ಟು ಇವೇ ಈ ಬೇನೆಗೆ ಮೂಲವೆಂದ. ಕನಸುಗಳ ಪಂಡಿತನೆಂದು ನಾವು ಬಲ್ಲ ಫ್ರಾಯ್ಡ್ 1897ರಲ್ಲಿ ಇದನ್ನು ಒಪ್ಪದೆ, ಗರ್ಭದಲ್ಲೇ ಆದ ಊನದಿಂದಾಗಿಯೇ ಹೆರಿಗೆಯೂ ಕಷ್ಟವಾಗಿರಬಹುದಲ್ಲವೇ ಎಂದು ಕೇಳಿದ. ಅವನ ಮಾತಿಗೆ ಬಹುಕಾಲ ಕಿವಿಗೊಟ್ಟವರಿಲ್ಲ. 1986ರಲ್ಲಿ ಅಮೆರಿಕದ ಕರಿನ್ ನೆಲ್ಸನ್ ಮತ್ತು ಜೋನಾಸ್ ಎಲೆನ್‌ಬರ್ಗ್ ಹತ್ತಾರು ಸಾವಿರ ಬಸಿರುಗಳ ದಾಖಲೆ ತೂಗಿ ನೋಡಿದಾಗ, ಹೆರಿಗೆಯ ಹೊತ್ತಿನ ಉಸಿರುಕಟ್ಟಿನ ಪಾಲು ಸಣ್ಣದೆಂದು ಕಂಡಿತು. ಅವಳಿಜವಳಿ, ತಾಯಿಗೆ ಬಂದ ರುಬೆಲ್ಲಾ, ಕೂಸಿನ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಕೆಲವರಲ್ಲಿ ವಂಶವಾಹಿ ದೋಷ, ಹೀಗೆ ಅನೇಕ ಕಾರಣಗಳು. ಎಷ್ಟೋ ಸಲ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ದಾವೆಯ ಕಾಗದಗಳನ್ನು ಅಂದೇ ಕಟ್ಟಿಟ್ಟೆವು. ಆದರೆ ನಮ್ಮ ದೇಶದಲ್ಲಿ ಉಸಿರುಕಟ್ಟು, ಕಾಮಾಲೆಗಳ ಪಾಲು ಶ್ರೀಮಂತ ದೇಶಗಳಿಗಿಂತ ಹೆಚ್ಚೆಂದೂ ಅವರು ಹೇಳಿದ್ದರು.

ಈ ಕಾಮಾಲೆಯ ಮಾತು ಅವ್ವನಿಗೆ ಅರ್ಥವಾದದ್ದು ವ್ಯಾಯಾಮದ ಕೇಂದ್ರದಲ್ಲಿ. ಮೊಮ್ಮಗನನ್ನು ವರ್ಷಗಟ್ಟಲೆ ಅಲ್ಲಿಗೆ ಕರೆದೊಯ್ದವಳು ಅವಳೇ. ಅಲ್ಲಿ ಒಬ್ಬ ಹುಡುಗಿಯ ಕೈಗಳು ತಮ್ಮಷ್ಟಕ್ಕೆ ತಿರುಚಿಕೊಳ್ಳುತ್ತಿದ್ದವು, ಕಿವಿಯೂ ಮಂದ. ತುಂಬಿದ ದಿನಕ್ಕೆ ಹುಟ್ಟಿದ, ಮೈ ತುಂಬಿಕೊಂಡ ಕೂಸಾಗಿತ್ತಂತೆ. ಐದನೆಯ ದಿನ ಅರಿಸಿನದಂತಾಗಿ, ಹಾಲು ಬಿಟ್ಟು, ಸದಾ ನಿದ್ದೆ ಮಾಡಿದಾಗ ಎಲ್ಲರೂ "ಎಂಥ ಸಾಧು ಕೂಸು" ಎಂದು ಹೊಗಳಿದ್ದರಂತೆ. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ದ್ರವ್ಯ ಮಿತಿಮೀರಿದರೆ ಮಿದುಳಿನ ಆಳಕ್ಕಿಳಿದು ಚಲನೆಯ ಹದವನ್ನೂ ಕಿವಿಯ ನರವನ್ನೂ ಕೆಡಿಸುತ್ತದೆ. ಆ ತಾಯಿಯ ಕಥೆ ಕೇಳಿ ಬಂದ ದಿನ ಅವ್ವ ಊಟ ಮಾಡಲಿಲ್ಲ.

2018ರಲ್ಲಿ ಅವ್ವನ ಕಿರಿಮಗಳು ಬಾಣಂತನಕ್ಕೆ ನಮ್ಮಲ್ಲಿಗೇ ಬಂದಳು. ನಾಲ್ಕನೆಯ ದಿನ ಕೂಸು ಹಳದಿಯಾಯಿತು. ನೆರೆಯವರು ಬಾಲ್ಕನಿಯ ಎಳೆಬಿಸಿಲಿಗೆ ಹಿಡಿಯಿರೆಂದರು, ನಾವೂ ಹಿಡಿದೆವು. ಮಾರನೆಯ ದಿನ ಕೂಸು ಹಾಲಿಗೆ ಏಳಲೊಲ್ಲದು. ಯಾರೋ "ಎಷ್ಟು ಸಾಧು ಅದ" ಎಂದರು. ಅವ್ವ ಥಟ್ಟನೆ ಎದ್ದು ಬಂದು, ಕಾಲುಚೀಲ ಕಿತ್ತು, ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ಅಂಗಾಲಿಗೆ ಇಳದದ. ರಿಕ್ಷಾ ತರ್ರಿ."

ಬಿಲಿರುಬಿನ್ ನೂರು ಮಿಲಿಲೀಟರಿಗೆ 19 ಮಿಲಿಗ್ರಾಂ ಇತ್ತು. ತಾಯಿಯ ರಕ್ತ ಓ ಗುಂಪು, ಮಗುವಿನದು ಬಿ. ಬೆಳಕಿಗೆ ಕಾಮಾಲೆ ಇಳಿಯುವುದನ್ನು 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ಸಿಸ್ಟರ್ ಜೀನ್ ವಾರ್ಡ್ ಬಿಸಿಲಿನಲ್ಲೇ ಗುರುತಿಸಿದ್ದು ನಿಜ. ಆದರೆ ಇಷ್ಟು ಏರಿದ ಕಾಮಾಲೆಗೆ ಬಾಲ್ಕನಿಯ ಬಿಸಿಲು ಸಾಲದು. ಮೂರು ದಿನ ನೀಲಿ ದೀಪದ ಕೆಳಗಿಟ್ಟರು. ಅವ್ವ ವರಾಂಡದ ಬೆಂಚು ಬಿಟ್ಟು ಏಳಲಿಲ್ಲ.

ಮೂರನೆಯ ರಾತ್ರಿ, ಇಳಿಯಿತು ಎಂದು ನರ್ಸು ಹೇಳಿ ಹೋದ ಮೇಲೆ, ಅವ್ವ ಸೊಸೆಯ ಕೈ ಹಿಡಿದು, "ಆವಾಗ ಗ್ರಾಣದ ಮಾತು ಅಂದಿದ್ದೆನಲ್ಲ ಯವ್ವಾ..." ಎಂದು ಅಷ್ಟಕ್ಕೇ ನಿಲ್ಲಿಸಿದಳು. ಸೊಸೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು.