ಐದನೇ ಜಾಗ, ಸೊನ್ನೆ ಗೋಲ್

1/6

ಫೋಟೋದಲ್ಲಿರೋ ಪೇಪರ್ ಕಟಿಂಗ್ ನಮ್ಮಪ್ಪಂದು. ಅದರ ಮೇಲಿನ ಕಾಫಿ ಕಲೆ ನಂದು. ಸಿಟ್ಟಲ್ಲಿ ಲೋಟ ಕುಕ್ಕಿದ್ದಕ್ಕೆ ಚೆಲ್ಲಿದ್ದು.

ಭಾನುವಾರದ ಪೇಪರ್‌ನಲ್ಲಿ ಒಬ್ಬರು ಹಿರಿಯ ಕ್ರೀಡಾ ಬರಹಗಾರರು ಎರಡು ಪಟ್ಟಿ ಕೊಟ್ಟಿದ್ರು. ಒಂದು, ಭಾರತದ ಸಾರ್ವಕಾಲಿಕ ಹತ್ತು ಫುಟ್‌ಬಾಲ್ ಆಟಗಾರರು. ಇನ್ನೊಂದು, ಈಗಿನ ಕಾಲದ ಅತ್ಯುತ್ತಮ ಕ್ಲಬ್‌ಗಳು. ಆಟಗಾರರ ಪಟ್ಟಿಯಲ್ಲಿ ಒಂಬತ್ತು ಜನ ಫಾರ್ವರ್ಡ್‌ಗಳು, ಒಬ್ಬ ಮಿಡ್‌ಫೀಲ್ಡರ್. ಡಿಫೆಂಡರ್ ಒಬ್ಬನೂ ಇಲ್ಲ, ಗೋಲ್‌ಕೀಪರ್ ಅಂತೂ ಇಲ್ಲವೇ ಇಲ್ಲ. ಕ್ಲಬ್‌ಗಳ ಪಟ್ಟಿಯಲ್ಲಿ ನಮ್ಮ ಬೆಂಗಳೂರು ಎಫ್‌ಸಿಗೆ ಐದನೇ ಜಾಗ.

ಅವರ ಹೆಸರು ಹಾಕಲ್ಲ. ನಾನು ಹುಟ್ಟೋಕೆ ಮುಂಚಿನಿಂದ ಬರೀತಿರೋರು, ಅಪ್ಪ ಒಂದು ವಾರಾನೂ ಬಿಡದೆ ಓದ್ತಾರೆ. ನಾನು ಕೂಗಾಡಿದ್ದು ಕೇಳಿ ಅಪ್ಪ ಒಂದೇ ಮಾತು ಅಂದ್ರು: “ತಪ್ಪು ಅನ್ಸಿದ್ರೆ ಯಾಕೆ ತಪ್ಪು ಅಂತ ಬರಿ. ಲೋಟ ಕುಕ್ಕೋದೆಲ್ಲ ವಾದ ಅಲ್ಲ ಕಣೋ.”

ಅದಕ್ಕೇ ಈ ಸೀರೀಸ್. ಇಷ್ಟು ಸಿಟ್ಟು ಯಾಕೆ ಅಂತ ನಮ್ ಕ್ಲಾಸ್‌ನವ್ರಿಗೆ ಗೊತ್ತು. ಉಳಿದವ್ರಿಗೆ 4ನೇ ಭಾಗದಲ್ಲಿ ಹೇಳ್ತೀನಿ.

2/6

ಮೊದಲು ಕ್ಲಬ್ ವಿಷಯ.

ಆ ಪಟ್ಟಿ ಹೇಗೆ ಆಗಿದೆ ಅಂತ ಕಂಡುಹಿಡಿಯೋದು ಕಷ್ಟ ಇಲ್ಲ. ಐಎಸ್‌ಎಲ್ ಕಪ್ ಎಣಿಸಿದ್ದಾರೆ, ಅಷ್ಟೇ. 2024-25ರ ಸೀಸನ್ ತನಕ ಲೆಕ್ಕ ಹಾಕಿದ್ರೆ ಎಟಿಕೆ ಮೂರು, ಚೆನ್ನೈಯಿನ್, ಮುಂಬೈ ಸಿಟಿ, ಮೋಹನ್ ಬಾಗಾನ್ ತಲಾ ಎರಡು, ಬೆಂಗಳೂರು ಮತ್ತು ಹೈದರಾಬಾದ್ ತಲಾ ಒಂದು. ಹೀಗೆ ಎಣಿಸಿದ್ರೆ ನಾವು ಐದನೇ ಜಾಗಕ್ಕೆ ಬರ್ತೀವಿ, ನಿಜ.

ಆದ್ರೆ ಐಎಸ್‌ಎಲ್ ಶುರುವಾಗಿದ್ದು 2014ರಲ್ಲಿ. ಬೆಂಗಳೂರು ಆ ಲೀಗ್‌ಗೆ ಸೇರಿದ್ದು 2017ರಲ್ಲಿ. ಮೊದಲ ಮೂರು ಸೀಸನ್ ನಾವು ಅಲ್ಲಿ ಆಡೇ ಇಲ್ಲ. ತಗೊಳ್ಳದೇ ಇರೋ ಸಬ್ಜೆಕ್ಟ್‌ನಲ್ಲಿ ಸೊನ್ನೆ ಕೊಟ್ಟ ಹಾಗಾಯ್ತು.

ಆಗ ನಾವು ಎಲ್ಲಿದ್ವಿ? ಐ-ಲೀಗ್‌ನಲ್ಲಿ. 2013ರಲ್ಲಿ ಹುಟ್ಟಿದ ಕ್ಲಬ್ ಮೊದಲ ಸೀಸನ್‌ನಲ್ಲೇ ಚಾಂಪಿಯನ್. 2015-16ರಲ್ಲಿ ಮತ್ತೆ ಚಾಂಪಿಯನ್. ಮಧ್ಯದಲ್ಲಿ ಫೆಡರೇಶನ್ ಕಪ್, ಆಮೇಲೆ 2018ರಲ್ಲಿ ಸೂಪರ್ ಕಪ್, 2022ರಲ್ಲಿ ಡ್ಯುರಾಂಡ್ ಕಪ್.

ಇನ್ನೊಂದು ರಾತ್ರಿ ಇದೆ. 2016ರ ಅಕ್ಟೋಬರ್ 19, ಕಂಠೀರವ ಸ್ಟೇಡಿಯಂ, ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಮ್ಯಾಚ್. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. ಅಪ್ಪ ನನ್ನನ್ನ ಮೊದಲ ಸಲ ಸ್ಟೇಡಿಯಂಗೆ ಕರ್ಕೊಂಡು ಹೋಗಿದ್ದು ಅವತ್ತೇ. ನಂಗೆ ಹನ್ನೊಂದು ವರ್ಷ. ಮೊದಲ ಗೋಲ್ ಅವರು ಹೊಡೆದಾಗ ಪಕ್ಕದ ಸೀಟಿನ ಅಂಕಲ್ ತಲೆ ಮೇಲೆ ಕೈ ಹೊತ್ಕೊಂಡು ಕೂತ್ರು. ಆಮೇಲೆ ಛೆತ್ರಿ ಎರಡು, ಹುವಾನನ್ ಒಂದು. 3-1. ಅದೇ ಅಂಕಲ್ ನನ್ನನ್ನ ಎತ್ಕೊಂಡು ಕುಣಿದ್ರು. ಎಎಫ್‌ಸಿ ಕಪ್ ಫೈನಲ್‌ಗೆ ಹೋದ ಮೊದಲ ಭಾರತೀಯ ಕ್ಲಬ್ ನಮ್ದು. ದೋಹಾದಲ್ಲಿ ಫೈನಲ್ 1-0 ಸೋತ್ವಿ. ಕಪ್ ಬರಲಿಲ್ಲ, ಹಾಗಾಗಿ ಆ ಪಟ್ಟಿಯಲ್ಲಿ ಆ ರಾತ್ರಿಗೆ ಜಾಗಾನೇ ಇಲ್ಲ.

ನಾನೇನು ಕಣ್ಮುಚ್ಕೊಂಡು ಜೈ ಅನ್ನಲ್ಲ. 2023-24ರಲ್ಲಿ ಹನ್ನೆರಡು ಟೀಮ್‌ನಲ್ಲಿ ಹತ್ತನೇ ಜಾಗಕ್ಕೆ ಬಿದ್ವಿ. ಮೂರು ಐಎಸ್‌ಎಲ್ ಫೈನಲ್ ಸೋತಿದ್ದೀವಿ, ಅದ್ರಲ್ಲಿ ಒಂದು ನಮ್ಮದೇ ಕಂಠೀರವದಲ್ಲಿ. ನನ್ನ ಲೆಕ್ಕದಲ್ಲಿ ಮೋಹನ್ ಬಾಗಾನ್ ಮೊದಲು, ಬೆಂಗಳೂರು ಎರಡು. ಐದಂತೂ ಅಲ್ಲ.

3/6

ಈಗ ಆಟಗಾರರು. ನಂಬರ್ ಒನ್ ಸುನಿಲ್ ಛೆತ್ರಿ. ಅದಕ್ಕೆ ನನ್ನ ತಕರಾರಿಲ್ಲ. 2024ರ ಜೂನ್‌ನಲ್ಲಿ ವಿದಾಯ ಹೇಳಿದಾಗ 151 ಮ್ಯಾಚ್, 94 ಗೋಲ್. ಮುಂದಿನ ವರ್ಷ ವಾಪಸ್ ಬಂದು ಇನ್ನೊಂದು ಹೊಡೆದ್ರು. ಯಾರು ಏನು ವಾದ ಮಾಡೋಕಾಗುತ್ತೆ?

ನನ್ನ ಪ್ರಶ್ನೆ ಬೇರೆ. 2019ರ ಸೆಪ್ಟೆಂಬರ್ 10, ದೋಹಾ, ವಿಶ್ವಕಪ್ ಅರ್ಹತಾ ಪಂದ್ಯ. ಎದುರಿಗೆ ಕತಾರ್. ಅದೇ ವರ್ಷ ಏಷ್ಯನ್ ಕಪ್ ಗೆದ್ದ ಟೀಮ್, ಆಡ್ತಿರೋದು ಅವರದೇ ನೆಲದಲ್ಲಿ. ಹುಷಾರಿಲ್ಲದೆ ಛೆತ್ರಿ ಆಡಲಿಲ್ಲ. ಗುರ್‌ಪ್ರೀತ್ ಸಿಂಗ್ ಸಂಧು ಕ್ಯಾಪ್ಟನ್. ಇಪ್ಪತ್ತಕ್ಕೂ ಹೆಚ್ಚು ಸಲ ಕತಾರ್ ಗೋಲ್ ಕಡೆ ಹೊಡೆದ್ರು. ಗುರ್‌ಪ್ರೀತ್ ಹಾರಿ ತಡೆದ್ರು, ಅವರ ಮುಂದೆ ಸಂದೇಶ್ ಝಿಂಗನ್, ಆದಿಲ್ ಖಾನ್ ಮೈ ಅಡ್ಡ ಹಾಕಿ ನಿಂತ್ರು. ಮ್ಯಾಚ್ ಮುಗಿದಾಗ 0-0.

ನಾನು ನೋಡಿದ ಕಾಲದಲ್ಲಿ ಭಾರತ ತಂಡದ ಅತಿ ದೊಡ್ಡ ರಿಸಲ್ಟ್ ಅದು. ಅದ್ರಲ್ಲಿ ನಮ್ದು ಒಂದು ಗೋಲೂ ಇಲ್ಲ. ಗೋಲ್ ಎಣಿಸಿ ಮಾಡಿದ ಪಟ್ಟಿಗೆ ಅಂಥ ರಾತ್ರಿ ಕಾಣಿಸೋದೇ ಇಲ್ಲ.

ಇನ್ನೂ ಹಿಂದಕ್ಕೆ ಹೋಗಿ. 1962, ಜಕಾರ್ತಾ ಏಷ್ಯನ್ ಗೇಮ್ಸ್. ಜರ್ನೈಲ್ ಸಿಂಗ್ ಸ್ಟಾಪರ್ ಬ್ಯಾಕ್. ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಕೋಚ್ ಸೈಯದ್ ಅಬ್ದುಲ್ ರಹೀಮ್ ಅವರನ್ನ ಮುಂದೆ ಫಾರ್ವರ್ಡ್ ಜಾಗಕ್ಕೆ ಹಾಕಿದ್ರು. ಸೆಮಿಫೈನಲ್‌ನಲ್ಲೂ ಗೋಲ್, ಫೈನಲ್‌ನಲ್ಲೂ ಗೋಲ್. ದಕ್ಷಿಣ ಕೊರಿಯಾ ವಿರುದ್ಧ 2-1, ಚಿನ್ನ. ಹೊಲಿಗೆ ಹಾಕಿದ ತಲೆ ಇಟ್ಕೊಂಡು ಆಡಿದ ಮನುಷ್ಯ ಹತ್ತರೊಳಗೆ ಇಲ್ಲ ಅಂದ್ರೆ ಆ ಹತ್ತು ಯಾರಿಗೋಸ್ಕರ? ಆ ಫೈನಲ್‌ನಲ್ಲಿ ಗೋಲ್ ಕಾಯ್ದ ಪೀಟರ್ ತಂಗರಾಜ್ ಎಲ್ಲಿ?

ಬೆಂಗಳೂರಿನವ್ರೇ ಒಬ್ರಿದ್ದಾರೆ, ಅಹ್ಮದ್ ಖಾನ್. 1948 ಮತ್ತು 1952ರ ಒಲಿಂಪಿಕ್ಸ್ ಆಡಿದೋರು. ಈಸ್ಟ್ ಬೆಂಗಾಲ್‌ನ ಐದು ಜನ ಫಾರ್ವರ್ಡ್‌ಗಳಿಗೆ ಕೋಲ್ಕತ್ತದಲ್ಲಿ ಪಂಚ ಪಾಂಡವರು ಅಂತಿದ್ರಲ್ಲ, ಅವರಲ್ಲಿ ಒಬ್ಬರು. ಫಾರ್ವರ್ಡ್ ಆಗಿದ್ರೂ ಈ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ.

4/6

ಈಗ ನನ್ನ ಕಥೆ.

ನಾನು ಕಾಲೇಜ್ ಟೀಮ್‌ನಲ್ಲಿ ಸ್ಟಾಪರ್ ಬ್ಯಾಕ್. ಸರಿಯಾಗಿ ಹೇಳ್ಬೇಕಂದ್ರೆ, ಆಗಬೇಕಿತ್ತು. ಇಂಟರ್ ಕಾಲೇಜ್ ಸೆಲೆಕ್ಷನ್‌ಗೆ ಮೂರು ಪ್ರಾಕ್ಟೀಸ್ ಮ್ಯಾಚ್ ಆಡಿಸಿದ್ರು. ಪಿಟಿ ಸರ್ ಹತ್ರ ಒಂದು ಶೀಟ್ ಇತ್ತು. ಹೆಸರು, ಗೋಲ್, ಅಸಿಸ್ಟ್, ಅಟೆಂಡೆನ್ಸ್. ನನ್ನ ಸಾಲು: ಸೊನ್ನೆ, ಸೊನ್ನೆ, ಫುಲ್. ಮೂರು ಮ್ಯಾಚ್‌ನಲ್ಲಿ ನಮ್ಮ ಕಡೆ ಬಿದ್ದಿದ್ದು ಒಂದೇ ಗೋಲ್. ಅದಕ್ಕೆ ಕಾಲಂ ಇರಲಿಲ್ಲ.

ನೋಟಿಸ್ ಬೋರ್ಡ್‌ನಲ್ಲಿ ಹದಿನಾರು ಹೆಸರು, ಕೆಳಗೆ ಇಬ್ಬರು ಸ್ಟ್ಯಾಂಡ್‌ಬೈ. ಎರಡನೇ ಸ್ಟ್ಯಾಂಡ್‌ಬೈ ನಾನು. ಕ್ಯಾಂಟೀನ್‌ನಲ್ಲಿ ಯಾರ್ ಹತ್ರಾನೂ ಮಾತಾಡ್ಲಿಲ್ಲ ಅವತ್ತು. ನೀವೆಲ್ಲ “ಬಿಡು ಮಗಾ” ಅಂದ್ರಿ, ಥ್ಯಾಂಕ್ಸ್. ಆದ್ರೆ ಬಿಡೋಕಾಗ್ಲಿಲ್ಲ. ಮೂರು ದಿನ ಆದ್ಮೇಲೆ ಭಾನುವಾರದ ಪೇಪರ್ ಬಂತು. ಹತ್ತು ಹೆಸರಲ್ಲಿ ಡಿಫೆಂಡರ್ ಸೊನ್ನೆ. ಪೇಪರ್‌ನಲ್ಲೂ ಅದೇ ಶೀಟ್ ಪ್ರಿಂಟ್ ಮಾಡಿದ್ದಾರೆ ಅನ್ನಿಸ್ತು. ಲೋಟ ಕುಕ್ಕಿದ್ದು ಅದಕ್ಕೆ.

5/6

ಅಪ್ಪ ಹೇಳಿದ ಹಾಗೆ ಬರೆಯೋಕೆ ಕೂತೆ. ರಾತ್ರಿ ಒಂದು ಗಂಟೆ ತನಕ ನನ್ನದೇ ಹತ್ತು ಜನರ ಪಟ್ಟಿ ಮಾಡಿದೆ. ಜರ್ನೈಲ್, ತಂಗರಾಜ್, ಅರುಣ್ ಘೋಷ್, ಗುರ್‌ಪ್ರೀತ್, ಝಿಂಗನ್ ಎಲ್ಲರೂ ಇದ್ರು. ಛೆತ್ರಿ, ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ಐ.ಎಂ. ವಿಜಯನ್, ಅಹ್ಮದ್ ಖಾನ್ ಕೂಡ. ಎಷ್ಟು ನ್ಯಾಯವಾಗಿದೆ ಅಂತ ನಂಗೇ ಹೆಮ್ಮೆ ಆಯ್ತು.

ಬೆಳಗ್ಗೆ ಚಿಕ್ಕಪ್ಪನ ಮಗಳು ಮನೆಗೆ ಬಂದ್ಲು. ಎಂಟನೇ ಕ್ಲಾಸ್, ಸ್ಕೂಲ್ ಟೀಮ್‌ನಲ್ಲಿ ಲೆಫ್ಟ್ ಬ್ಯಾಕ್. ಪಟ್ಟಿ ತೋರಿಸಿದೆ. ಪೂರ್ತಿ ಓದಿ ಕೇಳಿದ್ಲು: “ಅಣ್ಣಾ, ಇದ್ರಲ್ಲಿ ಒಬ್ಳು ಹುಡುಗೀನೂ ಇಲ್ವಲ್ಲ?”

“ಇದು ಗಂಡಸರ ಲಿಸ್ಟ್ ಕಣೆ” ಅಂದೆ.

“ಹಂಗಂತ ಎಲ್ಲಿ ಬರ್ದಿದ್ಯಾ?”

ಮೇಲೆ ನೋಡಿದೆ. “ಭಾರತದ ಸಾರ್ವಕಾಲಿಕ ಹತ್ತು ಆಟಗಾರರು.” ಅಷ್ಟೇ ಬರ್ದಿದ್ದೆ.

ಕೂತ್ಕೊಂಡು ಅವಳೇ ಹೇಳಿದ್ಲು, ನಾನು ಬರ್ಕೊಂಡೆ. ಬಾಲಾ ದೇವಿ, 2020ರಲ್ಲಿ ಸ್ಕಾಟ್ಲೆಂಡ್‌ನ ರೇಂಜರ್ಸ್ ಕ್ಲಬ್‌ಗೆ ಸೈನ್ ಮಾಡಿದೋರು. ಮನೀಷಾ ಕಲ್ಯಾಣ್, 2022ರಲ್ಲಿ ಸೈಪ್ರಸ್‌ನ ಅಪೊಲೊನ್ ಪರ ಮಹಿಳಾ ಚಾಂಪಿಯನ್ಸ್ ಲೀಗ್ ಆಡಿದೋರು. 2025ರ ಜುಲೈನಲ್ಲಿ ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡ್‌ನ ಅವರ ನೆಲದಲ್ಲೇ 2-1 ಸೋಲಿಸಿ ನಮ್ಮ ಹುಡುಗೀರು ಏಷ್ಯನ್ ಕಪ್‌ಗೆ ಅರ್ಹತೆ ಪಡೆದ್ರು. ಎರಡೂ ಗೋಲ್ ಸಂಗೀತಾ ಬಾಸ್ಫೋರ್ ಅವರದ್ದು. ಗೋಲೇ ಎಣಿಸ್ತೀನಿ ಅಂದ್ರೂ ಇವರನ್ನ ಬಿಡೋ ಹಾಗಿಲ್ಲ. ಆದ್ರೂ ಬಿಟ್ಟಿದ್ದೆ. ಬೇಕು ಅಂತ ಬಿಟ್ಟಿದ್ದಲ್ಲ. ನೆನಪೇ ಆಗಲಿಲ್ಲ, ಅದು ಇನ್ನೂ ಕೆಟ್ಟದ್ದು.

ಆ ಬರಹಗಾರರಿಗೂ ಜರ್ನೈಲ್ ಮೇಲೆ ಕೋಪ ಇರ್ಲಿಲ್ಲ ಅನ್ಸುತ್ತೆ.

6/6

ಸೋಮವಾರ ಸರ್ ಹತ್ರ ಹೋದೆ. “ಸರ್, ಶೀಟ್‌ನಲ್ಲಿ ಡಿಫೆಂಡರ್‌ಗೆ ಕಾಲಂ ಇಲ್ಲ.” ಬೈತಾರೆ ಅನ್ಕೊಂಡಿದ್ದೆ. ಅವರು ಶೀಟ್ ನೋಡಿದ್ರು, ನನ್ನ ನೋಡಿದ್ರು. “ಸರಿ, ಏನ್ ಎಣಿಸ್ಬೇಕು ಹೇಳು. ನಾಳೆ ಮ್ಯಾಚ್‌ಗೆ ಬುಕ್ ಹಿಡ್ಕೊಂಡು ಬಾ, ನೀನೇ ಬರಿ.”

ಲೈನ್ ಪಕ್ಕ ಕೂತು ಬರೆದೆ. ಟ್ಯಾಕಲ್ ಮೂರು, ಕ್ಲಿಯರೆನ್ಸ್ ಐದು. ನನ್ನ ಜಾಗಕ್ಕೆ ಬಂದಿರೋ ಹುಡುಗ ಆಡ್ತಿದ್ದ. ಒಂದ್ಸಲ ಎದುರಾಳಿ ಫಾರ್ವರ್ಡ್ ಬಾಲ್ ತಗೊಂಡು ಓಡಿ ಬಂದ. ಇವನು ಸುಮ್ನೆ ಎರಡು ಹೆಜ್ಜೆ ಎಡಕ್ಕೆ ಸರಿದು ನಿಂತ. ಫಾರ್ವರ್ಡ್ ನೋಡಿದ, ದಾರಿ ಇಲ್ಲ, ಬಾಲ್ ಹಿಂದಕ್ಕೆ ಪಾಸ್ ಮಾಡಿದ. ಟ್ಯಾಕಲ್ ಇಲ್ಲ, ಕ್ಲಿಯರೆನ್ಸ್ ಇಲ್ಲ. ಏನೂ ಆಗಲಿಲ್ಲ. ಏನೂ ಆಗದ ಹಾಗೆ ನೋಡ್ಕೊಳ್ಳೋದೇ ನಮ್ಮ ಕೆಲಸ. ಅದನ್ನ ಯಾವ ಕಾಲಂನಲ್ಲಿ ಬರೀಲಿ ಅಂತ ಪೆನ್ ಹಿಡ್ಕೊಂಡು ಕೂತೆ. ಕೊನೆಗೆ ಪಕ್ಕದಲ್ಲಿ “ಎರಡು ಹೆಜ್ಜೆ” ಅಂತ ಬರೆದೆ. ಆ ಪುಟ ಈ ಪೋಸ್ಟ್‌ನ ಫೋಟೋ.

ಹುಡುಗ ನನಗಿಂತ ಚೆನ್ನಾಗಿ ನಿಲ್ತಾನೆ. ಅದೂ ಅವತ್ತೇ ಗೊತ್ತಾಯ್ತು, ಬರೀದೆ ಇದ್ರೆ ಮೋಸ ಆಗುತ್ತೆ. ನಾನಿನ್ನೂ ಸ್ಟ್ಯಾಂಡ್‌ಬೈ.

ಬರಹಗಾರರ ಮೇಲೆ ಸಿಟ್ಟು ಇಳಿದಿದೆ, ಜಗಳ ಇಳಿದಿಲ್ಲ. ಗೋಲ್ ಎಣಿಸೋದು ಸುಲಭ, ಅದಕ್ಕೇ ಎಲ್ಲರೂ ಎಣಿಸ್ತಾರೆ. ಆದ್ರೆ 2019ರ ಮಾರ್ಚ್‌ನಲ್ಲಿ ನಮ್ಮ ಒಂದೇ ಒಂದು ಐಎಸ್‌ಎಲ್ ಕಪ್ ಬಂದಿದ್ದು ಹೇಗೆ ಅಂತ ನೆನಪಿದ್ಯಾ? ಎಕ್ಸ್‌ಟ್ರಾ ಟೈಮ್ ಮುಗಿಯೋಕೆ ಸ್ವಲ್ಪ ಮುಂಚೆ, ಕಾರ್ನರ್, ಹೆಡರ್, ಗೋವಾ ವಿರುದ್ಧ 1-0. ಹೊಡೆದಿದ್ದು ರಾಹುಲ್ ಭೇಕೆ. ಡಿಫೆಂಡರ್!

ಈ ಆರೂ ಭಾಗ ಕಾಗದದ ಮೇಲೆ ಬರೆದು ಅಪ್ಪನಿಗೆ ಕೊಟ್ಟೆ. ಓದಿದ್ರು. “ಇದನ್ನ ಅವ್ರಿಗೇ ಕಳ್ಸು” ಅಂದ್ರು. ನಾಳೆ ಪೋಸ್ಟ್ ಮಾಡ್ತೀನಿ.

ನಿಮ್ಮ ಹತ್ತು ಹೆಸರು ಕಾಮೆಂಟ್‌ನಲ್ಲಿ ಹಾಕಿ. ಜೊತೆಗೆ ಯಾವ ಕಾಲಂ ನೋಡಿ ಹಾಕಿದ್ರಿ ಅಂತಾನೂ ಬರೀರಿ. ಹುಡುಗೀರ ಹೆಸರಿಲ್ಲದ ಪಟ್ಟಿಗೆ ಉತ್ತರ ಕೊಡೋದು ನಾನಲ್ಲ, ನನ್ನ ತಂಗಿ. ಹುಷಾರು.

#ಎರಡುಹೆಜ್ಜೆ #ಸ್ಟಾಪರ್‌ಬ್ಯಾಕ್ #ನಮ್ಮಬೆಂಗಳೂರು #ಫುಟ್‌ಬಾಲ್‌ಕನ್ನಡ