ಫಲಿಸದ ಮದ್ದನ್ನು ಮುಂದಾಗಿ ಅರಿಯುವುದು

ಚಿಕಿತ್ಸೆಗೆ ಕೈಹಾಕುವ ಮುನ್ನ ಸಾಧ್ಯಾಸಾಧ್ಯಗಳನ್ನು ವಿವೇಚಿಸಬೇಕೆಂಬುದು ಚರಕಸಂಹಿತೆಯ ಕಾಲದಿಂದ ಬಂದ ವಿಧಿ. ಅಲ್ಲಿ ತೂಗಿ ನೋಡುತ್ತಿದ್ದುದು ವ್ಯಾಧಿಯನ್ನು. ಇಂದಿನ ಕ್ಯಾನ್ಸರ್ ವೈದ್ಯದಲ್ಲಿ ಮದ್ದೂ ಆ ತಕ್ಕಡಿಯನ್ನೇರಿದೆ: ಈ ರೋಗಿಗೆ ಈ ಔಷಧ ಫಲಿಸಲಾರದೆಂಬುದನ್ನು ಗಡ್ಡೆಯ ವಂಶವಾಹಿಯೇ ಮೊದಲು ತಿಳಿಸಬಲ್ಲುದು.

ದೊಡ್ಡ ಕರುಳಿನ ಕ್ಯಾನ್ಸರಿನ ವೃತ್ತಾಂತ ಇದಕ್ಕೆ ಒಳ್ಳೆಯ ನಿದರ್ಶನ. ಬೇರೆ ಅಂಗಗಳಿಗೂ ಹರಡಿದ ಈ ರೋಗಕ್ಕೆ ಸೆಟುಕ್ಸಿಮ್ಯಾಬ್ ಎಂಬ ಔಷಧವನ್ನು ಕೊಡಲು 2004ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಜೀವಕೋಶದ ಹೊರಮೈಯಲ್ಲಿ 'ಬೆಳೆ' ಎಂಬ ಆಜ್ಞೆಯನ್ನು ಸ್ವೀಕರಿಸುವ ದ್ವಾರವೊಂದುಂಟು. ಈ ಮದ್ದು ಆ ದ್ವಾರವನ್ನು ಅಡ್ಡಗಟ್ಟುತ್ತದೆ. ಅಲ್ಲಿಂದ ಆಜ್ಞೆಯನ್ನು ಒಳಕ್ಕೊಯ್ಯುವ ದೂತರಲ್ಲಿ ಕೆ-ರಾಸ್ ಎಂಬ ಪ್ರೋಟೀನೂ ಒಂದು. ಅದರ ವಂಶವಾಹಿ ವಿಕೃತಗೊಂಡಿತೆಂದರೆ ಆ ದೂತ ಹೊರಗಿನ ಆಜ್ಞೆಗೆ ಕಾಯುವುದೇ ಇಲ್ಲ. ಹಗಲಿರುಳೆನ್ನದೆ 'ಬೆಳೆ, ಬೆಳೆ' ಎಂದು ತಾನೇ ಸಾರುತ್ತಿರುತ್ತದೆ. ಗದ್ದೆಯ ನಡುವೆಯೇ ಬುಗ್ಗೆಯೆದ್ದ ಮೇಲೆ ಕೆರೆಯ ತೂಬನ್ನು ಮುಚ್ಚಿ ಫಲವೇನು?

ಇದು ಬರಿಯ ತರ್ಕವಲ್ಲವೆಂಬುದನ್ನು ಕೆನಡಾ ಮತ್ತು ಆಸ್ಟ್ರೇಲಿಯಗಳ ವೈದ್ಯರು 2008ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿತು. ಬೇರೆ ಮದ್ದುಗಳೆಲ್ಲ ಸೋತಿದ್ದ ರೋಗಿಗಳು ಅವರು. 394 ಮಂದಿಯ ಗಡ್ಡೆಗಳನ್ನು ಪರೀಕ್ಷಿಸಲಾಗಿ, ನೂರಕ್ಕೆ 42ರಷ್ಟರಲ್ಲಿ ಕೆ-ರಾಸ್ ವಿಕೃತಿ ಕಂಡುಬಂದಿತು. ವಿಕೃತಿಯಿಲ್ಲದವರಲ್ಲಿ ಸೆಟುಕ್ಸಿಮ್ಯಾಬ್ ಪಡೆದವರ ಜೀವಿತದ ಮಧ್ಯಮ ಅವಧಿ 9.5 ತಿಂಗಳು, ಪಡೆಯದವರದು 4.8. ವಿಕೃತಿಯಿದ್ದವರಲ್ಲಾದರೋ ಪಡೆದವರದು 4.5 ತಿಂಗಳು, ಪಡೆಯದವರದು 4.6. ಈ ಕೊನೆಯ ಎರಡು ಅಂಕಿಗಳ ಮುಂದೆ ವಾಚಕರು ತುಸು ನಿಲ್ಲಬೇಕು. ನಾಲ್ಕೂವರೆ ತಿಂಗಳ ಆಯುಷ್ಯ ಉಳಿದ ಜೀವವೊಂದು ವಾರವಾರವೂ ಆಸ್ಪತ್ರೆಯ ಮಂಚವೇರಿ, ಮುಖದ ತುಂಬ ಮೊಡವೆಯಂಥ ಗುಳ್ಳೆಗಳನ್ನು ಹೊತ್ತು ಪಡೆದ ಲಾಭ ಶೂನ್ಯ. 'ಇದೊಂದನ್ನೂ ನೋಡಿಬಿಡೋಣ' ಎನ್ನುವ ಬಂಧುಗಳ ಅಕ್ಕರೆ ದೊಡ್ಡದು, ನಿಜ. ಆದರೆ ಮನೆಯಲ್ಲಿ ಮಕ್ಕಳೊಡನೆ ಕಳೆಯಬಹುದಾಗಿದ್ದ ದಿನಗಳು ಅದಕ್ಕೂ ದೊಡ್ಡವು.

2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಇಂಥ ವಿಕೃತಿಯುಳ್ಳವರಿಗೆ ಈ ಮದ್ದು ಸಲ್ಲದೆಂದು ಔಷಧಪತ್ರದಲ್ಲಿ ಬರೆಯಿಸಿತು. ಹಾಗೆಂದು ವಿಕೃತಿಯಿಲ್ಲವೆಂಬ ವರದಿ ಬಂದೊಡನೆ ಹಿಗ್ಗುವಂತಿಲ್ಲ. ಮೇಲಿನ ಅಧ್ಯಯನದಲ್ಲಿ ಅಂಥವರಲ್ಲಿಯೂ ಗಡ್ಡೆ ಕುಗ್ಗಿದುದು ನೂರಕ್ಕೆ 13 ಮಂದಿಗೆ ಮಾತ್ರ. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಈ ಪರೀಕ್ಷೆ ನಿಷೇಧದಲ್ಲಿ ಗಟ್ಟಿ, ವಿಧಿಯಲ್ಲಿ ಸಡಿಲ.

ಆ ನಿಷೇಧಕ್ಕೂ ಈಚೆಗೆ ಅಪವಾದವೊಂದು ಹುಟ್ಟಿದೆ. ಕೆ-ರಾಸ್ ವಿಕೃತಿಗಳಲ್ಲೊಂದಾದ ಜಿ12ಸಿ ಎಂಬುದನ್ನೇ ಹಿಡಿದು ಕಟ್ಟಿಹಾಕುವ ಅಡಾಗ್ರಾಸಿಬ್ ಗುಳಿಗೆಯೊಡನೆ ಅದೇ ಸೆಟುಕ್ಸಿಮ್ಯಾಬನ್ನು ಕೊಡಲು 2024ರ ಜೂನ್ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಕರುಳಿನ ಕ್ಯಾನ್ಸರಿನ ರೋಗಿಗಳಲ್ಲಿ ಆ ಬಗೆಯ ವಿಕೃತಿಯುಳ್ಳವರು ನೂರಕ್ಕೆ ಮೂರೋ ನಾಲ್ಕೋ ಮಂದಿ.