ಜಾಲಿಮುಳ್ಳಿನ ಸೀಮೆಯಲ್ಲಿ ದೂರದ ಸವಾರಿ

ಹೊಸಪೇಟೆ ಸೀಮೆಯಲ್ಲಿ ಸೈಕಲ್ ತುಳಿಯುವವರನ್ನು ಏರು, ಬಿಸಿಲು, ಅದಿರಿನ ಟಿಪ್ಪರುಗಳಿಗಿಂತ ಹೆಚ್ಚು ಕಾಡುವುದು ಬಳ್ಳಾರಿ ಜಾಲಿ. ಕಮಲಾಪುರ ದಾಟಿ ಕಂಪ್ಲಿಯ ಕಡೆ ಹೊರಟಾಗ ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂತೆಂದು ಒಂದು ಮೊಳ ಬದಿಗೆ ಸರಿದರೆ ಸಾಕು, ಮುಳ್ಳು ಟೈರಿನಲ್ಲಿ ಕೂತಿರುತ್ತದೆ. ಗಾಳಿ ಒಮ್ಮೆಲೇ ಹೋಗುವುದೂ ಇಲ್ಲ. ಹಿಂದಿನ ಚಕ್ರ ಭಾರವಾಗಿ, ತಿರುವಿನಲ್ಲಿ ಸೈಕಲ್ ಓಲಾಡತೊಡಗಿದಾಗಲೇ ಗೊತ್ತಾಗುವುದು.

ಪಂಕ್ಚರ್ ಹಾಕುವುದು ಎಲ್ಲರಿಗೂ ಬರುತ್ತದೆ, ಮುಳ್ಳು ಹುಡುಕುವುದು ಕೆಲವರಿಗಷ್ಟೇ. ಬಲ್ಲವರು ಟೈರು ಕೂರಿಸುವಾಗಲೇ ಅದರ ಮೇಲಿನ ಕಂಪನಿಯ ಹೆಸರನ್ನು ಸರಿಯಾಗಿ ವಾಲ್ವಿನ ನೇರಕ್ಕೆ ತರುತ್ತಾರೆ. ಟ್ಯೂಬು ಬಿಚ್ಚಿ ಗಾಳಿ ತುಂಬಿ, ತೂತು ವಾಲ್ವಿನಿಂದ ಎಷ್ಟು ಗೇಣು ದೂರ ಎಂದು ಅಳೆದರೆ, ಟೈರಿನಲ್ಲೂ ಆ ಹೆಸರಿನಿಂದ ಅಷ್ಟೇ ದೂರದಲ್ಲಿ, ಬಲಕ್ಕೋ ಎಡಕ್ಕೋ, ಮುಳ್ಳು ಇದ್ದೇ ಇರುತ್ತದೆ. ಹೊರಗಿನಿಂದ ನೋಡಿದರೆ ಕಾಣದು. ತೊಗಟೆ ಉದುರಿ ತುದಿಯಷ್ಟೇ ರಬ್ಬರಿನೊಳಗೆ ಉಳಿದಿರುತ್ತದೆ. ಬೆರಳಾಡಿಸಿದರೆ ಬೆರಳೇ ಕೊಯ್ಯುತ್ತದೆ. ಹಳೆಯ ಬನಿಯನ್ನಿನ ಚೂರನ್ನು ಟೈರಿನ ಒಳಮೈಗೆ ಸವರಿದರೆ ನೂಲು ತಾನಾಗಿ ಸಿಕ್ಕಿಕೊಳ್ಳುತ್ತದೆ. ಟೈರನ್ನು ಹೊರಮಗ್ಗುಲಾಗಿ ಮಡಚಿ, ಉಗುರುಕತ್ತರಿಯ ಚಿಮಟದಿಂದ ಆ ತುದಿಯನ್ನು ಎಳೆದು ತೆಗೆದಾಗಿನ ಸಮಾಧಾನವೇ ಬೇರೆ. ಇಷ್ಟು ಮಾಡದೆ ಅವಸರದಲ್ಲಿ ಹೊಸ ಟ್ಯೂಬು ತುರುಕಿದವರು ಮುಂದಿನ ಊರಿನಲ್ಲಿ ಮತ್ತೆ ಕೂತಿರುತ್ತಾರೆ.

ಈ ಕೆಲಸಕ್ಕೆ ಕಾಲು ಗಂಟೆ ಬೇಕು. ಆ ಕಾಲು ಗಂಟೆ ಮಿಕ್ಕವರು ನಿಲ್ಲುತ್ತಾರೋ ಇಲ್ಲವೋ ಎಂಬಲ್ಲಿ ಜಗಳ ಶುರು. ಒಳ್ಳೆಯ ಉದ್ದೇಶಕ್ಕೆಂದು ಹೊರಟ ಸವಾರಿಯಲ್ಲೂ ಸರಾಸರಿ ವೇಗ ಕೆಡುತ್ತದೆಂದು ಜೊತೆಗಾರನನ್ನು ಜಾಲಿಯ ನೆರಳಲ್ಲಿ ಬಿಟ್ಟು ಹೋಗುವವರಿದ್ದಾರೆ. ಬ್ರೆವೆ, ಅಂದರೆ ಗೊತ್ತಾದ ಗಡುವಿನೊಳಗೆ ಮುಗಿಸುವ ದೂರದ ಸವಾರಿ, ಓಡಿಸುವವರಿಗೂ ಈ ಚಟ ಅಂಟಿದೆ. 200 ಕಿಲೋಮೀಟರಿಗೆ ಹದಿಮೂರೂವರೆ ತಾಸು, 600ಕ್ಕೆ 40 ತಾಸು. ಅಷ್ಟರೊಳಗೆ ಮುಗಿಸಿದವರೆಲ್ಲ ಸಮಾನರು, ಮೊದಲನೆಯವ ಕೊನೆಯವ ಎಂಬ ಲೆಕ್ಕವೇ ಅಲ್ಲಿಲ್ಲ. ಆದರೂ ತುಳಿದ ದಾರಿ, ವೇಗವನ್ನು ಫೋನಿನಲ್ಲಿ ತೋರಿಸುವ ಆತುರ ಹೋಗದು.

ಒಳ್ಳೆಯ ಉದ್ದೇಶದ ಸವಾರಿ ಹೇಗಿರಬೇಕು ಎಂಬುದನ್ನು ಡೆನ್ಮಾರ್ಕಿನವರು ಚೆನ್ನಾಗಿ ತೀರ್ಮಾನಿಸಿಕೊಂಡಿದ್ದಾರೆ. 2002ರಲ್ಲಿ ರಿಂಕೆಬಿ ಎಂಬ ಹಣ್ಣಿನ ರಸದ ಕಂಪನಿಯ ನಂಟಿದ್ದ ಹನ್ನೊಂದು ಮಂದಿ ಟೂರ್ ಡಿ ಫ್ರಾನ್ಸ್‌ನ ಕೊನೆ ನೋಡಲು ಪ್ಯಾರಿಸಿಗೆ ಸೈಕಲ್ ತುಳಿದರು. ಪ್ರಾಯೋಜಕರ ಹಣ ಖರ್ಚಾಗಿ 38,000 ಕ್ರೋನರ್ ಉಳಿಯಿತು. ಅದನ್ನು ಒಡೆನ್ಸ ಆಸ್ಪತ್ರೆಯ ಮಕ್ಕಳ ಕ್ಯಾನ್ಸರ್ ವಾರ್ಡಿಗೆ ಕೊಟ್ಟರು. ಟೀಮ್ ರಿಂಕೆಬಿ ಇಂದು ಹಲವು ದೇಶಗಳಿಗೆ ಹಬ್ಬಿದೆ. ಹಳದಿ ಅಂಗಿಯ ಸವಾರರು ತಮ್ಮ ಸೈಕಲ್ಲು, ಊಟ, ವಸತಿಯ ಖರ್ಚನ್ನು ತಾವೇ ಹಾಕಿಕೊಳ್ಳುತ್ತಾರೆ, ಗುಂಪಾಗಿಯೇ ಹೋಗುತ್ತಾರೆ. ಅಮೆರಿಕದಲ್ಲಿ ಬಿಲ್ಲಿ ಸ್ಟಾರ್ 1980ರಲ್ಲಿ 36 ಮಂದಿಯೊಡನೆ ಶುರುಮಾಡಿದ ಪ್ಯಾನ್-ಮಾಸ್ ಚಾಲೆಂಜ್ ಆ ವರ್ಷ ಕೂಡಿಸಿದ್ದು 10,200 ಡಾಲರು. ಈಗ ಸವಾರರು ಎತ್ತಿದ ಹಣ ಪೂರ್ತಿ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಹೋಗುತ್ತದೆ.

ನಮ್ಮಲ್ಲಿ ಇಂಥ ಎಷ್ಟೋ ಸವಾರಿಗಳ ಹಣ ಟೀ ಶರ್ಟು, ಪದಕ, ಫ್ಲೆಕ್ಸು, ಶಾಮಿಯಾನದಲ್ಲೇ ಕರಗುತ್ತದೆ. ಬಾವುಟ ಬೀಸಬೇಕಾದ ಅತಿಥಿ ಬರುವಷ್ಟರಲ್ಲಿ ಸೂರ್ಯ ನೆತ್ತಿಗೆ ಹತ್ತಿರವಾಗಿರುತ್ತಾನೆ. ಅದನ್ನಾದರೂ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳನ್ನು ಕರೆತಂದು, ಕೂದಲುದುರಿದ ತಲೆಗೆ ಟೋಪಿ ಹಾಕಿಸಿ, ಆ ಧೂಳು ಜನಜಂಗುಳಿಯಲ್ಲಿ ಫೋಟೋಕ್ಕೆ ನಿಲ್ಲಿಸುವುದು. ಕೀಮೋ ನಡೆಯುವಾಗ ರಕ್ತದ ಬಿಳಿಕಣಗಳು ಕುಸಿದಿರುತ್ತವೆ. ಸಣ್ಣ ಸೋಂಕೂ ಮಗುವನ್ನು ಐಸಿಯುಗೆ ಒಯ್ಯಬಲ್ಲದು. ಡಾಕ್ಟರು ಮನೆಯವರಿಗೇ ಮಾಸ್ಕ್ ಹಾಕಿಸಿರುವಾಗ, ನೂರು ಮಂದಿ ಬೆವರುವ ಸವಾರರ ನಡುವೆ ಆ ಮಗುವಿಗೆ ಏನು ಕೆಲಸ? ಇದನ್ನು ನಿಲ್ಲಿಸಲೇಬೇಕು.

ಹಣ ಬೇಕಾಗಿರುವುದು ಎಲ್ಲಿ ಎಂದು ತಿಳಿಯಬೇಕಿದ್ದರೆ ಹೊಸಪೇಟೆ ಸ್ಟೇಷನ್ನಿನಲ್ಲಿ ರಾತ್ರಿ ಬೆಂಗಳೂರಿಗೆ ಹೊರಡುವ ಹಂಪಿ ಎಕ್ಸ್‌ಪ್ರೆಸ್ ಹತ್ತುವವರನ್ನು ನೋಡಬೇಕು. ಈ ಸೀಮೆಯ ಮಗುವಿಗೆ ರಕ್ತದ ಕ್ಯಾನ್ಸರ್ ಎಂದರೆ ಬಹುಮಟ್ಟಿಗೆ ದಾರಿ ಬೆಂಗಳೂರಿನ ಕಿದ್ವಾಯಿಗೆ. 1973ರಲ್ಲಿ ಶುರುವಾದ ಆಸ್ಪತ್ರೆ ಅದು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ. ಬಡ ಮನೆಗಳ ಚಿಕಿತ್ಸೆಗೆ ಆಯುಷ್ಮಾನ್ ಕಾರ್ಡಿದೆ, ರೈಲಿನಲ್ಲಿ ರೋಗಿಗೆ ರಿಯಾಯಿತಿ ಇದೆ, ಶಕ್ತಿ ಯೋಜನೆಯಿಂದ ತಾಯಿಗೆ ಸಾಮಾನ್ಯ ಬಸ್ಸಿನ ಪ್ರಯಾಣ ಪುಕ್ಕಟೆ. ಆದರೆ ಬೆಂಗಳೂರಿನಲ್ಲಿ ಕೋಣೆಯ ಬಾಡಿಗೆಗೆ, ಊಟಕ್ಕೆ, ಅಪ್ಪ ಕಳೆದುಕೊಂಡ ಕೂಲಿಗೆ ಯಾವ ಕಾರ್ಡೂ ಇಲ್ಲ. ಸಂಡೂರಿನ ಗಣಿಯಲ್ಲೋ ಕಂಪ್ಲಿಯ ಗದ್ದೆಯಲ್ಲೋ ದಿನಗೂಲಿಗೆ ಹೋಗುವವರು ಅರ್ಧದಲ್ಲೇ ಚಿಕಿತ್ಸೆ ಬಿಟ್ಟು ಬರುವುದು ಬಹುಮಟ್ಟಿಗೆ ಇದರಿಂದಲೇ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ನೂರು ಮಕ್ಕಳಲ್ಲಿ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ, ಬಡ ಮತ್ತು ಮಧ್ಯಮ ಆದಾಯದ ಹಲವು ದೇಶಗಳಲ್ಲಿ 30ಕ್ಕಿಂತ ಕಡಿಮೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2030ರ ಹೊತ್ತಿಗೆ ಎಲ್ಲೆಡೆ ನೂರಕ್ಕೆ ಕನಿಷ್ಠ 60 ಮಕ್ಕಳಾದರೂ ಉಳಿಯಬೇಕೆಂದು 2018ರಲ್ಲಿ ಅದು ಗುರಿ ಇಟ್ಟುಕೊಂಡಿತು. ಸವಾರಿಯ ದುಡ್ಡು ಮೊದಲು ಬಾಡಿಗೆಗೂ ಊಟಕ್ಕೂ ಹೋಗಲಿ. ಸೇಂಟ್ ಜೂಡ್ ಇಂಡಿಯಾ 2006ರಿಂದ ಇಂಥ ಮಕ್ಕಳಿಗೂ ತಾಯಿತಂದೆಯರಿಗೂ ಪುಕ್ಕಟೆ ವಸತಿ ಕೊಡುತ್ತಾ ಬಂದಿದೆ. ಆ ದಾರಿ ಸರಿಯಾದದ್ದು.

ಇನ್ನು ಸವಾರಿಗೆ ಯಾವ ತಿಂಗಳು ಎಂಬ ಮಾತು. ಮಕ್ಕಳ ಕ್ಯಾನ್ಸರ್ ಜಾಗೃತಿಗೆ ಜಗತ್ತು ಸೆಪ್ಟೆಂಬರ್ ಹಿಡಿಯುತ್ತದೆ. ಸಂಡೂರಿನ ಗುಡ್ಡಗಳು ಹಸಿರಾಗಿ, ಕೆಂಪು ಧೂಳು ಅಡಗಿ, ಕಣ್ಣಿಗೆ ಹಬ್ಬವಾಗುವುದೂ ಆಗಲೇ. ಆದರೆ ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಜಾಸ್ತಿ ಬಿಟ್ಟರೆ ಕಂಪ್ಲಿಯ ಸೇತುವೆ ಮುಳುಗಿ ಗಂಗಾವತಿಯ ದಾರಿ ಕಟ್ಟಿಹೋಗುತ್ತದೆ. ನದಿಯಾಚೆಯ ಸವಾರರು ಆಚೆಗೇ ಉಳಿಯುತ್ತಾರೆ. ಅದಕ್ಕೇ ಫೆಬ್ರುವರಿ 15, ಅಂತರರಾಷ್ಟ್ರೀಯ ಮಕ್ಕಳ ಕ್ಯಾನ್ಸರ್ ದಿನ, ಇಲ್ಲಿಗೆ ಒಪ್ಪುತ್ತದೆ. ಬೆಳಗಿನ ಐದೂವರೆಗೆ ಹೊಸಪೇಟೆ ಬಿಟ್ಟರೆ ಸಂಡೂರಿನ ಏರು ತಂಪಿನಲ್ಲೇ ಮುಗಿಯುತ್ತದೆ. ಅಲ್ಲಿಂದ ತೋರಣಗಲ್ಲು, ಬುರ್ರಕಥೆಯ ಈರಮ್ಮನ ದರೋಜಿ, ಆಮೇಲೆ ಕಂಪ್ಲಿ. ಕಂಪ್ಲಿಯಲ್ಲಿ ತಾಸುಗಟ್ಟಲೆ ನಿಂತರೂ ನಷ್ಟವಿಲ್ಲ. ಆಶಾ ಕಾರ್ಯಕರ್ತೆಯರನ್ನೂ ಶಾಲೆಯ ಮೇಷ್ಟ್ರುಗಳನ್ನೂ ಕೂಡಿಸಿ, ಬಿಟ್ಟುಬಿಟ್ಟು ಬರುವ ಜ್ವರ, ಬಿಳಿಚಿದ ಮುಖ, ಒಸಡಿನ ರಕ್ತ, ಪೆಟ್ಟು ಬೀಳದೆ ಮೂಡುವ ನೀಲಿ ಕಲೆ, ಕಾಲಿನ ಮೂಳೆನೋವು, ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು ಇವುಗಳನ್ನು ವೈದ್ಯರಿಂದಲೇ ಹೇಳಿಸಬೇಕು. ಇವೆಲ್ಲ ಬೇರೆ ಕಾಯಿಲೆಯವೂ ಇರಬಹುದು. ಜ್ವರ, ಮೂಳೆನೋವು ಹೋಗದಿದ್ದರೆ ರಕ್ತ ಪರೀಕ್ಷೆ, ಬಿಳಿಚಿದ ಮುಖ, ಒಸಡಿನ ರಕ್ತ, ನೀಲಿ ಕಲೆಯಾದರೆ ಕಾಯದೆ ಅದೇ ಪರೀಕ್ಷೆ, ಕಣ್ಣಿನದಾದರೆ ತಡಮಾಡದೆ ಕಣ್ಣಿನ ಡಾಕ್ಟರು. ಅದಾದ ಮೇಲೆ ಕಮಲಾಪುರದ ಮೇಲೆ ಹಂಪಿಗೆ ಎಷ್ಟು ಹೊತ್ತಿಗೆ ತಲುಪಿದರೂ ಆದೀತು.